ರಾಮಾಚಾರಿಯ ಮುಂದಿನ ಕಥೆ ಓದುವವರಿಗೆ

ನಮ್ಮ ಗಡಿಸೀಮೆಯ ಕನ್ನಡ ಮನೆಗಳಲ್ಲಿ ರಾಮಾಚಾರಿ, ಅಲಮೇಲು, ಚಾಮಯ್ಯ ಮೇಷ್ಟ್ರು ಎಂದರೆ ನೆಂಟರ ಹೆಸರು ಹೇಳಿದಂತೆ. ಆದರೆ ಇವರೆಲ್ಲ ಬರುವ, ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಸಿನಿಮಾ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ್ದು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. 'ನಾಗರಹಾವು' ಓದಿ ಮೆಚ್ಚಿದವರಿಗೆ 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಇನ್ನೂ ಉಳಿದಿವೆ. ಆಂಧ್ರಕ್ಕೆ ಸೇರಿದ ರಾಯದುರ್ಗ, ಮಡಕಶಿರಾ ಕಡೆಯ ಹೊಸ ಓದುಗರಿಗಾಗಿ ಈ ಕೆಲವು ಮಾತು.

ಮೊದಲು ಪುಸ್ತಕ. ಮೂರನ್ನೂ ಒಟ್ಟಿಗೇ ಹುಡುಕಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾದರೆ ಎಳೆ ತಪ್ಪುತ್ತದೆ. ರಾಯದುರ್ಗದವರು ಬಳ್ಳಾರಿಯಲ್ಲಿ, ಮಡಕಶಿರಾದವರು ಶಿರಾ ಅಥವಾ ತುಮಕೂರಿನಲ್ಲಿ ವಿಚಾರಿಸಿ. ಹೊಸ ಪ್ರತಿ ಸಿಗದಿದ್ದರೆ ಹಳೇ ಪುಸ್ತಕದಂಗಡಿ, ಅದೂ ಇಲ್ಲದಿದ್ದರೆ ಗ್ರಂಥಾಲಯ.

ಆಮೇಲೆ ಅಕ್ಷರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಆದವರು ಇಲ್ಲಿ ಹೆದರಿ ಹಿಂದೆ ಸರಿಯುತ್ತಾರೆ. ಹೆದರಬೇಡಿ, ಮುಕ್ಕಾಲು ಪಾಲು ನಿಮಗೆ ಆಗಲೇ ಬರುತ್ತದೆ. ತಲೆಕಟ್ಟಿನ ಆಕಾರ ಬೇರೆ. ಕ, ತ, ಶ ಇಂಥ ಕೆಲವು ಅಕ್ಷರಗಳನ್ನು ಹೊಸದಾಗಿ ಗುರುತಿಸಬೇಕು. ನಿಜವಾದ ತೊಡಕು ದೀರ್ಘದ್ದು. ತೆಲುಗಿನಲ್ಲಿ ಕೀ, ಕೇ, ಕೋ ಬರೆಯುವಾಗ ದೀರ್ಘ ಅಕ್ಷರದ ತಲೆಯ ಮೇಲೇ ಇರುತ್ತದೆ. ಕನ್ನಡದಲ್ಲಿ ಅದು ಅಕ್ಷರದ ಬಲಕ್ಕೆ ಬೇರೆಯಾಗಿ ನಿಲ್ಲುತ್ತದೆ. ಕಣ್ಣು ಅದನ್ನು ಹಾರಿಸಿಕೊಂಡು ಹೋದರೆ ಬೇಳೆ ಹೋಗಿ ಬೆಳೆ ಆಗುತ್ತದೆ. ಮೊದಲ ಹತ್ತು ಪುಟ ಗಟ್ಟಿಯಾಗಿ, ಬೆರಳಿಟ್ಟು ಓದಿ. ಆಡಿ ಗೊತ್ತಿರುವ ಭಾಷೆಯಾದ್ದರಿಂದ ತಪ್ಪು ಓದಿದ ಕೂಡಲೇ ನಿಮ್ಮ ಕಿವಿಯೇ ಹೇಳುತ್ತದೆ.

ಮೂರನೆಯದು, ಸಿನಿಮಾ ಪಕ್ಕಕ್ಕಿಡುವುದು. ಇದೇ ಎಲ್ಲಕ್ಕಿಂತ ಕಷ್ಟದ್ದು. ರಾಮಾಚಾರಿ ಎಂದರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥ್. ಆ ಮುಖಗಳನ್ನು ಅಳಿಸಲಾಗದು, ಅಳಿಸಲೂ ಬೇಡಿ. ಆದರೆ ಮೂರು ಪುಸ್ತಕದ ಬದುಕು ಮೂರು ಗಂಟೆಗೆ ಇಳಿಯುವಾಗ ಬಿಟ್ಟುಹೋಗುವುದು ಬಹಳ. ಸಿನಿಮಾ ತ.ರಾ.ಸು. ಅವರಿಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. 'ಆ ದೃಶ್ಯ ಯಾವಾಗ ಬರುತ್ತೆ' ಎಂದು ಪುಟ ತಿರುವಬೇಡಿ. ಕೊನೆಯ ಪುಟವನ್ನಂತೂ ಮೊದಲು ನೋಡಲೇಬೇಡಿ.

ನಂತರ ನಿಧಾನ. ಮೊದಲ ಪುಸ್ತಕದಲ್ಲಿ ಪ್ರೀತಿಸಿದ ಹುಡುಗ ಮುಂದಿನದರಲ್ಲಿ ಹಾಗೇ ಸಿಗಬೇಕೆಂದು ಹಟ ಹಿಡಿದರೆ ಮನಸ್ಸು ಕಹಿಯಾಗುತ್ತದೆ. ಹರೆಯದ ಪ್ರೀತಿ ಬೇರೆ, ಅದು ಮುರಿದ ಮೇಲಿನ ಬಾಳು ಬೇರೆ. ಎರಡನೆಯ ಪುಸ್ತಕದ ಹೆಸರೇ ಅದನ್ನು ಬಚ್ಚಿಡದೆ ಹೇಳುತ್ತದೆ. ರಾಮಾಚಾರಿಯ ಮೇಲೆ ನಿಮಗೆ ಸಿಟ್ಟು ಬಂದರೆ ಬರಲಿ. ನನ್ನ ಮಟ್ಟಿಗೆ, ಸಿಟ್ಟು ಬಂದ ಮೇಲೂ ಅವನನ್ನು ಬಿಡಲಾಗದೆ ಓದುವುದೇ ಮುಂದಿನ ಭಾಗ ಓದುವ ಸುಖ.

ನಮ್ಮ ಕಡೆಯವರಿಗೆ ಒಂದು ಅನುಕೂಲವೂ ಇದೆ. ತ.ರಾ.ಸು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು. ರಾಯದುರ್ಗದಿಂದ ಮೊಳಕಾಲ್ಮೂರು ಸೇರಿದರೆ ಚಿತ್ರದುರ್ಗ ಜಿಲ್ಲೆ ಬಂದೇಬಿಟ್ಟಿತು. 1953ರಲ್ಲಿ ರಾಯದುರ್ಗ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ತೆಗೆದು ಅನಂತಪುರಕ್ಕೆ ಸೇರಿಸಿದರು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಯಾವುದಾದರೇನು, ಚಿತ್ರದುರ್ಗದ ಆ ಬಂಡೆಗಲ್ಲಿನ ಬೆಟ್ಟ, ಕೋಟೆ, ಬಿಸಿಲು ನಮಗೆ ಹೊಸದಲ್ಲ.

ಕೊನೆಯದಾಗಿ ಜೊತೆ. ಓದು ಬಾರದ ಅಜ್ಜಿ, ಅತ್ತೆ ಮನೆಯಲ್ಲಿದ್ದರೆ ರಾತ್ರಿ ಊಟವಾದ ಮೇಲೆ ಒಂದೊಂದು ಅಧ್ಯಾಯ ಓದಿ ಹೇಳಿ. ಅಲಮೇಲು ಮಾಡಿದ್ದು ಸರಿಯೋ ತಪ್ಪೋ ಎಂದು ಅವರು ನಡುವೆ ಬಾಯಿ ಹಾಕುತ್ತಾರೆ. ಪುಸ್ತಕ ಮಡಿಚಿಟ್ಟು ಆ ಮಾತು ಮುಗಿಯುವವರೆಗೆ ಕೇಳಿ, ಆಮೇಲೆ ಮುಂದಕ್ಕೆ ಓದಿ.