ಇಂದಿನ ಚಿಂತನೆ: ಪಾಂಡಿಚೇರಿಯ ಕಾಲುವೆ



ಕಳೆದ ತಿಂಗಳು ನಮ್ಮ ಬಳಗದವರು ಎರಡು ಟಿ.ಟಿ. ಗಾಡಿ ಮಾಡಿಕೊಂಡು ಪಾಂಡಿಚೇರಿಗೆ ಹೋಗಿದ್ದೆವು. ರಾತ್ರಿ ಎಲ್ಲರೂ ಚಿಂತಾಮಣಿಯಲ್ಲಿ ಸೇರಿ ಹೊರಟೆವು. ಹಳದಿ ಗೋಡೆಯ ಮನೆಗಳು, ಕಾಗದದ ಹೂವಿನ ಬಳ್ಳಿ, ಫ್ರೆಂಚ್ ಹೆಸರಿನ ಬೀದಿಗಳು, ಕೆಂಪು ಟೋಪಿಯ ಪೊಲೀಸರು. ಹುಡುಗರಿಗೆ ಎಷ್ಟು ಫೋಟೋ ತೆಗೆದರೂ ಸಾಲದು.

"ಅಪ್ಪ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ ಹೇಳಿಕೊಟ್ಟವರು ಇವರೇ ಅಲ್ವಾ?" ಅಂದ ನನ್ನ ಮಗ.

ಅವನನ್ನು ಊರ ನಡುವಿನ ಕಾಲುವೆ ಹತ್ತಿರ ಕರೆದುಕೊಂಡು ಹೋದೆ. ಈಗ ಅದು ಕೊಳಚೆ ನೀರಿನ ಮೋರಿ. ಫ್ರೆಂಚರ ಕಾಲದಲ್ಲಿ ಕಾಲುವೆಯಿಂದ ಕಡಲ ಕಡೆಗೆ ಬಿಳಿಯರ ಪಟ್ಟಣ, ಈಚೆಗೆ ಕರಿಯರ ಪಟ್ಟಣ. ಚರ್ಚಿನೊಳಗೂ ಒಂದು ಗೋಡೆ ಇತ್ತು. ಅದು ಬಿಳಿಯರಿಗೂ ನಮಗೂ ನಡುವಿನದಲ್ಲ. ಮೇಲ್ಜಾತಿಯಿಂದ ಕ್ರೈಸ್ತರಾದವರಿಗೂ ಅಸ್ಪೃಶ್ಯರಿಂದ ಕ್ರೈಸ್ತರಾದವರಿಗೂ ನಡುವಿನದು. 1745ರಲ್ಲಿ ನಮ್ಮವರು ದೂರು ಕೊಟ್ಟ ಮೇಲೆ ಪಾದ್ರಿ ಅದನ್ನು ಕೆಡವಿಸಿದರು, ಮೇಲ್ಜಾತಿಯವರು ಜಗಳಕ್ಕೇ ಬಂದರು ಅಂತ ಆನಂದ ರಂಗ ಪಿಳ್ಳೆಯವರ ದಿನಚರಿಯಲ್ಲಿದೆ.

"ಅದು 1789ರ ಕ್ರಾಂತಿಗೆ ಮುಂಚೆ ತಾನೇ?" ಅಂದ ಮಗ. ಸರಿ. ಆದರೆ ಕ್ರಾಂತಿಯಾಗಿ ಹೆಚ್ಚುಕಡಿಮೆ ನೂರು ವರ್ಷದ ಮೇಲೆ, 1884ರಲ್ಲೂ, ಇಲ್ಲಿ ಮತದಾರರ ಪಟ್ಟಿ ಮೂರು ಮಾಡಿದರು: ಯುರೋಪಿನವರದು, ಫ್ರೆಂಚ್ ಕಾನೂನು ಒಪ್ಪಿಕೊಂಡ ಭಾರತೀಯರದು, ಉಳಿದವರದು.

ಫ್ರೆಂಚರು ಪಾಂಡಿಚೇರಿಯ ಆಡಳಿತ ಬಿಟ್ಟುಕೊಟ್ಟಿದ್ದು 1954ರ ನವೆಂಬರ್ 1ರಂದು. ಅದೇ ವರ್ಷ ಅಕ್ಟೋಬರ್ 3ರಂದು ಬಾಬಾಸಾಹೇಬರು ಆಕಾಶವಾಣಿಯಲ್ಲಿ ಮಾತಾಡಿದ್ದರು. ಈ ಮೂರು ಮಾತನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ತನ್ನ ಗುರು ಬುದ್ಧನಿಂದ ಪಡೆದದ್ದು ಎಂದರು. ಮೂರರಲ್ಲಿ ಭ್ರಾತೃತ್ವಕ್ಕೇ ಮೊದಲ ಸ್ಥಾನ ಕೊಟ್ಟರು. ಅದೊಂದಿಲ್ಲದಿದ್ದರೆ ಉಳಿದ ಎರಡನ್ನೂ ಕಾಯುವವರು ಯಾರೂ ಇಲ್ಲ ಎಂಬುದು ಅವರ ಮಾತಿನ ತಿರುಳು.

ಇಷ್ಟನ್ನೂ ಮಗನಿಗೆ ಜಂಬದಿಂದಲೇ ಹೇಳಿದೆ. ಅವನು ಸುಮ್ಮನಿದ್ದು ಕೇಳಿದ: "ಹಂಗಾದ್ರೆ ನಮ್ಮ ಗಾಡೀಲಿ ಬರೀ ನಮ್ಮೋರೇ ಯಾಕಪ್ಪ ಇರೋದು?"

ಬಂಧುಗಳೇ, ಯಾರು ಯಾವ ಗಾಡಿಗೆ ಎಂದು ಪಟ್ಟಿ ಬರೆದವನು ನಾನೇ. ಪರಿಚಯದವರು ಪರಿಚಯದವರ ಜೊತೆ ಇರಲಿ ಅಂತ ಬರೆದೆ ಎಂದುಕೊಂಡಿದ್ದೆ. ನೋಡಿದರೆ ಎಡಗೈಯವರೆಲ್ಲ ಒಂದು ಗಾಡಿ, ಬಲಗೈಯವರೆಲ್ಲ ಇನ್ನೊಂದು. ಇಪ್ಪತ್ತೆರಡು ಪ್ರತಿಜ್ಞೆ ಎಲ್ಲರೂ ಒಟ್ಟಿಗೇ ತೆಗೆದುಕೊಂಡವರು.

ವಾಪಸ್ ಹೊರಡುವಾಗ ಪಟ್ಟಿ ಹರಿದುಹಾಕಿ, ಯಾರು ಎಲ್ಲಿ ಬೇಕಾದರೂ ಕೂರಿ ಎಂದೆ. ಶಿಡ್ಲಘಟ್ಟದ ಅಜ್ಜಿಯೊಬ್ಬರು ತಮ್ಮ ಬುತ್ತಿ ಚೀಲ ಹಿಡಿದು ನಮ್ಮ ಗಾಡಿ ಹತ್ತಿದರು. ನನ್ನ ಮಗ ಆ ಗಾಡಿಗೆ ಹೋದ. ಮಿಕ್ಕವರು ಕೂತಲ್ಲೇ ಕೂತಿದ್ದರು.

ಬರುವ ಭಾನುವಾರ ಗೌರಿಬಿದನೂರಿನ ಸಭೆಯಲ್ಲಿ ಇದನ್ನೇ ಮಾತಾಡೋಣ. ಆ ರೇಡಿಯೋ ಭಾಷಣ ಓದಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ 🙏