ನಿಧಾನಕ್ಕೆಲ್ಲ ವಯಸ್ಸೇ ಕಾರಣವೇ?

ಪ್ರಶ್ನೆ: ಅಪ್ಪನಿಗೆ 70 ವರ್ಷ. ಇತ್ತೀಚೆಗೆ ಬಲಗೈ ನಡುಗುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ತುಂಬ ಹೊತ್ತು ಬೇಕು. ತಲೆಸುತ್ತಿಗೆ ಬಹಳ ಕಾಲದಿಂದ ಮಾತ್ರೆ ನುಂಗುತ್ತಿದ್ದಾರೆ. ಅಮ್ಮ ವಯಸ್ಸಿನ ನಡುಕ ಎನ್ನುತ್ತಾರೆ, ಅಕ್ಕನಿಗೆ ಪಾರ್ಕಿನ್ಸನ್ ಇರಬಹುದೆಂಬ ಅನುಮಾನ. ಈ ಕಾಯಿಲೆ ಈಗ ಹೆಚ್ಚಾಗಿದೆಯಂತೆ, ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಹೆಚ್ಚಾಗಿರುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಪಾರ್ಕಿನ್ಸನ್ ಇತ್ತು. 25 ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಯಾಗಿದೆ. ಜನ ಹೆಚ್ಚು ಕಾಲ ಬದುಕುತ್ತಿರುವುದು ಇದಕ್ಕೆ ದೊಡ್ಡ ಕಾರಣ, ಆದರೆ ಅದೊಂದೇ ಅಲ್ಲ. ಕೆಲವು ಕೀಟನಾಶಕ, ಕಳೆನಾಶಕಗಳ ನಂಟನ್ನೂ ಅಧ್ಯಯನಗಳು ತೋರಿಸಿವೆ. ಫ್ರಾನ್ಸ್ 2012ರಲ್ಲೇ ಇವುಗಳ ನಡುವೆ ದುಡಿದ ಕೃಷಿಕರ ಪಾಲಿಗೆ ಇದನ್ನು ವೃತ್ತಿಯಿಂದ ಬರುವ ಕಾಯಿಲೆ ಎಂದು ಒಪ್ಪಿಕೊಂಡಿತು.

ಇನ್ನು ತಂದೆಯವರ ವಿಷಯ. ನಡುಕಕ್ಕಿಂತ ಆ ಗುಂಡಿಯ ಮಾತೇ ಮುಖ್ಯ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ನಶಿಸುತ್ತ ಬಂದಂತೆ ಚಲನೆ ನಿಧಾನವಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದೇ ಇಲ್ಲ. ಕೆಲವರಿಗೆ ನಡುಕವೇ ಇರುವುದಿಲ್ಲ. ಇದ್ದರೆ, ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೇ ಹೆಚ್ಚು. ಕಾಫಿ ಲೋಟ ಎತ್ತುವಾಗ ಮಾತ್ರ ನಡುಗಿದರೆ ಅದು ಬೇರೆ ತೊಂದರೆ ಇದ್ದೀತು. ವಾಸನೆ ತಿಳಿಯದಿರುವುದು, ಮಲಬದ್ಧತೆ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತವೆ. ಅದನ್ನು ಯಾರು ಡಾಕ್ಟರಿಗೆ ಹೇಳುತ್ತಾರೆ!

ಆ ತಲೆಸುತ್ತಿನ ಮಾತ್ರೆ ಯಾವುದೆಂದು ಮೊದಲು ನೋಡಬೇಕು. ಸಿನ್ನರಿಜಿನ್, ಫ್ಲೂನರಿಜಿನ್‌ನಂಥ ಔಷಧಿಗಳು, ಗ್ಯಾಸ್ಟ್ರಿಕ್‌ಗೆಂದು ಕೊಡುವ ಲೆವೊಸಲ್ಪಿರೈಡ್ ಕೂಡ, ವಯಸ್ಸಾದವರಲ್ಲಿ ಥೇಟ್ ಪಾರ್ಕಿನ್ಸನ್‌ನಂಥದೇ ಲಕ್ಷಣ ತರಬಲ್ಲವು. ವೈದ್ಯರ ಸಲಹೆಯಂತೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಚೀಟಿಯಿಲ್ಲದೆ ವರ್ಷಗಟ್ಟಲೆ ಮಾತ್ರೆ ಕೊಳ್ಳುವ ನಮ್ಮ ಅಭ್ಯಾಸಕ್ಕೆ ತೆರುವ ದಂಡ ಇದು.

ಪಾರ್ಕಿನ್ಸನ್ನೇ ಆದರೆ? ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಆದರೆ 1960ರ ದಶಕದಿಂದ ಬಳಕೆಯಲ್ಲಿರುವ ಲೆವೊಡೋಪಾ ಇಂದಿಗೂ ಅತ್ಯಂತ ಪರಿಣಾಮಕಾರಿ. ನಸುಗುನ್ನಿ ಬೀಜದಲ್ಲೂ ಇದೇ ವಸ್ತುವಿದೆ, ನಿಜ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆಯಾಗುವುದರಿಂದ ಮನೆಮದ್ದಿನ ಸಾಹಸ ಬೇಡ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಮೇಲು, ಬೇಳೆ–ಹಾಲಿನ ಪ್ರೋಟೀನ್ ಅದರ ಹೀರಿಕೆಗೆ ಅಡ್ಡ ಬರುತ್ತದೆ. ಜೊತೆಗೆ ದಿನವೂ ನಡಿಗೆ, ವ್ಯಾಯಾಮ ಬೇಕೇ ಬೇಕು.

ನರರೋಗ ತಜ್ಞರ ಬಳಿ ಹೋಗುವಾಗ ಎಲ್ಲ ಮಾತ್ರೆಗಳ ಪಟ್ಟಿ, ತಂದೆಯವರು ನಡೆಯುವ ಮೊಬೈಲ್ ವಿಡಿಯೋ ಮತ್ತು ಅಕ್ಷರ ಸಣ್ಣದಾಗಿದೆಯೇ ಎಂದು ಹೋಲಿಸಲು ಅವರ ಹಳೆಯ ಸಹಿ ಇರುವ ಒಂದು ಕಾಗದ ಒಯ್ಯುವುದು ಒಳ್ಳೆಯದು.