ಕೀಚಕ ಹಾಡೋದು ಹೇಗೆ? ಬಿದಿರು, ಗಾಳಿ ಮತ್ತು ಕಾಣದ ಒಂದು ಸೆಂಟಿಮೀಟರ್

ಕೀಚಕ ಅಂದ ತಕ್ಷಣ ನೆನಪಾಗೋದು ವಿರಾಟನ ಅರಮನೆ, ಭೀಮನ ಕೈಲಿ ಸತ್ತ ಸೇನಾಪತಿ. ಆದರೆ ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಗಾಳಿ ಬೀಸಿದಾಗ ಸದ್ದು ಮಾಡುವ ಬಿದಿರು. ನಮ್ಮ ಗುಂಪಿನ ಒಬ್ಬರ ಊರು ಆಲೂರು ತಾಲ್ಲೂಕಿನ ಮಗ್ಗೆ. ಆ ಕಡೆ, ಸಕಲೇಶಪುರದವರೆಗಿನ ಗುಡ್ಡಗಳಲ್ಲಿ, ಬಿದಿರು ಮೆಳೆಗೆ ಕೊರತೆ ಇಲ್ಲ. ಅಲ್ಲಿಂದ ತಂದ ಒಂದು ತುಂಡು ಒಣಬಿದಿರು ಇಟ್ಟುಕೊಂಡು, ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಸೂತ್ರ ಎಷ್ಟು ನಿಜ ಅಂತ ನೋಡೋಣ ಅಂದುಕೊಂಡೆವು.

ಮೊದಲು ಲೆಕ್ಕ

ತುಂಡಿನ ಒಂದು ಕಡೆ ಬಾಯಿ ತೆರೆದಿದೆ, ಇನ್ನೊಂದು ಕಡೆ ಗೆಣ್ಣು ಮುಚ್ಚಿದೆ. ಗೆಣ್ಣಿನ ಹತ್ತಿರ ಗಾಳಿ ಅಲುಗಾಡೋಕೆ ಜಾಗವಿಲ್ಲ, ಬಾಯಿಯ ಹತ್ತಿರ ಧಾರಾಳವಾಗಿ ಆಡುತ್ತೆ. ಗೆಣ್ಣಿಗೆ ಇಂಗ್ಲಿಷಿನಲ್ಲಿ ನೋಡ್ ಅಂತಾರೆ. ಅಲೆಯ ನೋಡ್ ಕೂಡ ಅಲ್ಲೇ ಬರೋದು ತಮಾಷೆಯ ಕಾಕತಾಳೀಯ. ಇಂಥ ಕೊಳವೆಯ ಸೂತ್ರ ನಿಮಗೆ ಗೊತ್ತು:

ಫ್ರೀಕ್ವೆನ್ಸಿ = ಶಬ್ದದ ವೇಗ ÷ (4 × ಉದ್ದ)

ನಮ್ಮ ಬಿದಿರಿನ ಒಳಗಿನ ಉದ್ದ 20 ಸೆಂ.ಮೀ., ಒಳವ್ಯಾಸ 2 ಸೆಂ.ಮೀ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಉತ್ತರ 429 ಹರ್ಟ್ಸ್.

ಆಮೇಲೆ ಅಳತೆ

ಬಾಯಿಯ ಅಂಚಿನ ಮೇಲೆ ಊದಿದಾಗ ಫೋನ್ ತೋರಿಸಿದ್ದು 410 ಹರ್ಟ್ಸ್ ಆಸುಪಾಸು. 19 ಹರ್ಟ್ಸ್ ತಾನೇ ಅನ್ನಬೇಡಿ. ಈ ಶ್ರುತಿಯಲ್ಲಿ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಅಂತರ ಸುಮಾರು 25 ಹರ್ಟ್ಸ್. ಅಂದ್ರೆ ನಾವು ಮುಕ್ಕಾಲು ಸ್ವರಸ್ಥಾನ ಕೆಳಗಿದ್ದೇವೆ. ಯಾವ ಕಛೇರಿಯಲ್ಲೂ ಇದು ನಡೆಯಲ್ಲ.

ಇಲ್ಲೊಂದು ಎಚ್ಚರಿಕೆ. ಫೈಫಾಕ್ಸ್ ಆ್ಯಪ್‌ನ ಆಡಿಯೋ ಸ್ಪೆಕ್ಟ್ರಮ್ ಬಳಸುವವರು ಸ್ಯಾಂಪಲ್ ಸಂಖ್ಯೆ ನೋಡಿಕೊಳ್ಳಿ. ಸೆಕೆಂಡಿಗೆ 48000 ಸ್ಯಾಂಪಲ್ ಇದ್ದು, 2048 ಮಾತ್ರ ತೆಗೆದುಕೊಂಡರೆ ಎಫ್‌ಎಫ್‌ಟಿಯ ಒಂದೊಂದು ಮೆಟ್ಟಿಲು 23 ಹರ್ಟ್ಸ್ ಅಗಲ. ನಾವು ಹುಡುಕುವ ವ್ಯತ್ಯಾಸವೇ ಅದರಲ್ಲಿ ಮುಳುಗಿಹೋಗುತ್ತೆ. 32768 ಇಟ್ಟರೆ ಮೆಟ್ಟಿಲು 1.5 ಹರ್ಟ್ಸ್‌ಗೆ ಇಳಿಯುತ್ತೆ.

ವ್ಯತ್ಯಾಸ ಎಲ್ಲಿಂದ ಬಂತು?

ಬಿದಿರು ಮುಗಿದ ಕಡೆ ಗಾಳಿಯ ಕಂಪನ ಮುಗಿಯಲ್ಲ. ಬಾಯಿಯಿಂದ ಹೊರಗಿರೋ ಸ್ವಲ್ಪ ಗಾಳಿಯೂ ಒಳಗಿನ ಗಾಳಿಯ ಜೊತೆ ಹಿಂದೆ ಮುಂದೆ ಓಡಾಡುತ್ತೆ. ಇದಕ್ಕೆ ಎಂಡ್ ಕರೆಕ್ಷನ್ ಅಂತ ಹೆಸರು. ಪೂರ್ತಿ ತೆರೆದ ಬಾಯಿಗೆ ಇದು ತ್ರಿಜ್ಯದ ಸುಮಾರು 0.6 ಪಟ್ಟು. ನಮ್ಮ ಲೆಕ್ಕದಲ್ಲಿ 0.6 ಸೆಂ.ಮೀ. ಆಗ ಫ್ರೀಕ್ವೆನ್ಸಿ 416. ಉಳಿದ 6 ಹರ್ಟ್ಸ್ ನಮ್ಮ ತುಟಿಯ ಪಾಲು: ಊದುವಾಗ ತುಟಿ ಬಾಯಿಯ ಒಂದು ಭಾಗ ಮುಚ್ಚುತ್ತೆ, ತಿದ್ದುಪಡಿ 0.9 ಸೆಂ.ಮೀ. ಆಗುತ್ತೆ, ಶ್ರುತಿ ಇಳಿಯುತ್ತೆ. ಟೇಪ್ ಅಳೆಯೋದು ಬಿದಿರನ್ನು, ಸ್ವರ ಅಳೆಯೋದು ಗಾಳಿಯನ್ನು.

ಇನ್ನು ಗಾಳಿಯ ಕೆಲಸ. ತುಟಿಯಿಂದ ಹೊರಟ ಗಾಳಿಯ ಪಟ್ಟಿ ಎದುರಿನ ಅಂಚಿಗೆ ಬಡಿದು ಒಮ್ಮೆ ಒಳಗೆ, ಒಮ್ಮೆ ಹೊರಗೆ ಬಾಗುತ್ತೆ. ಒಳಗಿನ ಕಂಪನವೇ ಅದನ್ನು ಬಾಗಿಸುತ್ತೆ, ಬಾಗಿದ ಗಾಳಿ ಕಂಪನಕ್ಕೆ ಮತ್ತೆ ಶಕ್ತಿ ಕೊಡುತ್ತೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಜೋರಾಗಿ ಊದಿದರೆ ತಳ್ಳುವ ಲಯ ಬದಲಾಗಿ ಸ್ವರ ಹೆಚ್ಚುಕಡಿಮೆ ಮೂರು ಪಟ್ಟಿಗೆ ಜಿಗಿಯುತ್ತೆ. ಕೀಚಕದಲ್ಲಿ ತುಟಿಯ ಕೆಲಸವನ್ನು ಗುಡ್ಡದ ಗಾಳಿ ಮಾಡುತ್ತೆ, ಅಷ್ಟೇ. ಊದುವ ಗಾಳಿಯ ವೇಗ ಬೇಕಿದ್ದರೆ ನೀರು ತುಂಬಿದ ಯು-ಟ್ಯೂಬ್ ಸಾಕು: ಬಾಯೊಳಗಿನ ಒತ್ತಡ ನೀರನ್ನು 2.4 ಸೆಂ.ಮೀ. ಎತ್ತಿದರೆ, ಬರ್ನೂಲಿ ಪ್ರಕಾರ ವೇಗ ಸೆಕೆಂಡಿಗೆ ಸುಮಾರು 20 ಮೀಟರ್.

ಚಳಿಯನ್ನೂ ಮರೆಯಬೇಡಿ. 15 ಡಿಗ್ರಿಯ ಬೆಳಗ್ಗೆ ಶಬ್ದದ ವೇಗ 340, 30 ಡಿಗ್ರಿಯ ಮಧ್ಯಾಹ್ನ 349. ಅದೇ ಬಿದಿರಿನ ಸ್ವರ ಸುಮಾರು 11 ಹರ್ಟ್ಸ್ ಏರುತ್ತೆ.

ಇದರಿಂದ ಏನು ಉಪಯೋಗ?

ಕತ್ತರಿಸಿದ ಬಿದಿರನ್ನು ಮತ್ತೆ ಉದ್ದ ಮಾಡೋಕಾಗಲ್ಲ, ಕೊರೆದ ತೂತನ್ನು ಕಿರಿದು ಮಾಡೋದೂ ಕಷ್ಟ. ಅದಕ್ಕೇ ಕೊಳಲು ಮಾಡುವವರು ತೂತನ್ನು ಮೊದಲು ಚಿಕ್ಕದಾಗಿ ಕೊರೆದು, ಊದಿ ನೋಡಿ, ಉಜ್ಜಿ ಹಿಗ್ಗಿಸುತ್ತಾರೆ. ತೂತು ದೊಡ್ಡದಾದಷ್ಟೂ ಸ್ವರ ಏರುತ್ತೆ. ನಾವು ಸೂತ್ರದಲ್ಲಿ ಬರೆಯೋ ತಿದ್ದುಪಡಿಯನ್ನು ಅವರು ಕಿವಿಯಲ್ಲೇ ಮಾಡ್ತಾರೆ. ಕೊಳಲಿನಲ್ಲಿ ಗಾಳಿಗೆ ಎರಡೂ ಕಡೆ ದಾರಿ ಇರೋದರಿಂದ 4ರ ಬದಲು 2, ತಿದ್ದುಪಡಿಯೂ ಎರಡು ಕಡೆ.

ನೀವೂ ಮಾಡಿ ನೋಡಿ: ಬಿದಿರು ಸಿಗದಿದ್ದರೆ ಒಂದು ಕಡೆ ಮುಚ್ಚಿದ ಪಿವಿಸಿ ಪೈಪ್ ಸಾಕು. ಎರಡೆರಡು ಸೆಂ.ಮೀ. ನೀರು ಹಾಕುತ್ತಾ ಐದು ರೀಡಿಂಗ್ ತಗೊಳ್ಳಿ. ವೇಗ ÷ (4 × ಫ್ರೀಕ್ವೆನ್ಸಿ) ಅನ್ನು ಗಾಳಿಯ ಉದ್ದದ ಎದುರು ಪ್ಲಾಟ್ ಮಾಡಿ. ಸ್ಲೋಪ್ 1ರ ಹತ್ತಿರ ಬರಬೇಕು. ಗೆರೆ ವೈ-ಅಕ್ಷವನ್ನು ಮುಟ್ಟುವ ಜಾಗವೇ ನಿಮ್ಮ ತಿದ್ದುಪಡಿ. ಎಷ್ಟು ಬಂತು ಅಂತ ಕ್ಲಬ್‌ನಲ್ಲಿ ಸಿಕ್ಕಾಗ ಹೇಳಿ. ಒಬ್ಬೊಬ್ಬರ ತುಟಿಗೆ ಒಂದೊಂದು ಉತ್ತರ ಬರುತ್ತೆ, ಪಕ್ಕದವರದ್ದು ಕಾಪಿ ಹೊಡೆಯೋ ಚಾನ್ಸೇ ಇಲ್ಲ.